ಮುಂಚೆ ಹೇಗಿದ್ರು?

15 ಜೂನ್ 2024, ಶನಿವಾರ
ತಿಪಟೂರು

ಗುರುವಾರ ಬೆಂಗಳೂರಲ್ಲಿ ಡಾಕ್ಟರಮ್ಮ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. ಅಪ್ಪನ ಕೈಲಿ ಬ್ಲಾಕ್ ಜೋಡಿಸಿದ್ದಾಯಿತು, ಅಂಕಿಗಳನ್ನು ಉಲ್ಟಾ ಹೇಳಿಸಿದ್ದಾಯಿತು. ಆಮೇಲೆ ನಮ್ಮ ಕಡೆ ತಿರುಗಿ, "ಬೀಳೋಕ್ಕೆ ಮುಂಚೆ ಹೇಗಿದ್ರು?" ಅಂದರು. ನಾನು "ತುಂಬಾ ಚುರುಕು" ಅಂದೆ. ಅದೇ ಹೊತ್ತಿಗೆ ಅಮ್ಮ "ಮೊದಲಿಂದಲೂ ಮರೆವು ಜಾಸ್ತೀನೇ" ಅಂದಳು. ಯಾರದ್ದನ್ನು ಬರೆದುಕೊಂಡರೋ ಗೊತ್ತಿಲ್ಲ.

ರಾತ್ರಿ ಅಕ್ಕನ ಮಗಳು ಮಾನಸ ಇಂಗ್ಲೆಂಡಿನ ಲೀಡ್ಸಿಂದ ವಿಡಿಯೋ ಕಾಲ್ ಮಾಡಿದಳು. ಇಂಥ ಪರೀಕ್ಷೆ ಮಾಡೋದೇ ಅವಳ ಕೆಲಸವಲ್ವಾ, ಮುಂಚೆ ಹೇಗಿದ್ರು ಅಂತ ತಿಳಿಯೋದು ಹೇಗೆ ಅಂತ ಕೇಳಿದೆ.

"ಅದಕ್ಕೇ ಇಲ್ಲಿ ಪದ ಓದಿಸ್ತೀವಿ ಚಿಕ್ಕಮ್ಮ."

ಲಂಡನ್ನಿನ ಹೇಜಲ್ ನೆಲ್ಸನ್ ಅನ್ನೋರು 1982ರಲ್ಲಿ ತಂದ ಪರೀಕ್ಷೆಯಂತೆ. 50 ಇಂಗ್ಲಿಷ್ ಪದ. ಒಂದನ್ನೂ ಸ್ಪೆಲ್ಲಿಂಗ್ ನಂಬಿ ಓದೋ ಹಾಗಿಲ್ಲ. ಸರಿಯಾಗಿ ಓದಿದರೆ, ಆ ಪದ ಯಾವತ್ತೋ ಪರಿಚಯ ಆಗಿದೆ ಅಂತ ಲೆಕ್ಕ. ತಲೆಗೆ ಪೆಟ್ಟು ಬಿದ್ದಾಗ, ಮರೆವಿನ ಕಾಯಿಲೆ ಶುರುವಾದಾಗ, ಹೊಸ ನೆನಪು, ಚುರುಕುತನ ಮೊದಲು ಹೋಗುತ್ತೆ. ಹಳೇ ಓದು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಕಾಲ ಉಳಿದಿರುತ್ತೆ. ಅದರಿಂದ ಹಿಂದಿನ ಐಕ್ಯೂ ಅಂದಾಜು ಮಾಡಿ, ಇವತ್ತಿನದರ ಪಕ್ಕ ಇಟ್ಟು ನೋಡ್ತಾರೆ. ಬೇಸಿಗೇಲಿ ಕೆರೆ ಏರಿಯ ಕಲ್ಲಿನ ಗುರುತು ನೋಡಿ, ನೀರು ಎಲ್ಲೀವರೆಗೆ ಇತ್ತು ಅಂತೀವಲ್ಲ, ಹಾಗೆ. ಮಾತು ಬಿದ್ದುಹೋದವರಿಗೆ ಇದು ಆಗಲ್ಲವಂತೆ.

ಪರೀಕ್ಷೆಯ ಪದಗಳನ್ನು ಹೇಳಲಿಲ್ಲ. ಹೊರಗೆ ಬಿಟ್ಟರೆ ಪರೀಕ್ಷೆ ಕೆಡುತ್ತಂತೆ. "ಸುಮ್ನೆ ಆಟಕ್ಕೆ" ಅಂತ ಬೇರೆ ಎರಡು ಕೊಟ್ಟಳು. ಹರಿದ ಮೇ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪಗೆ ಬರೆದೆ.

ಸಿ, ಓ, ಎಲ್, ಓ, ಎನ್, ಇ, ಎಲ್.

ಅಪ್ಪ ಕನ್ನಡಕ ಕೂಡ ಹಾಕಲಿಲ್ಲ. "ಕರ್ನಲ್" ಅಂದರು. ಊಟ ಆಯ್ತಾ ಅಂತ ಐದು ನಿಮಿಷಕ್ಕೆ ಮುಂಚೆ ಎರಡನೇ ಸಲ ಕೇಳಿದ್ದ ಮನುಷ್ಯ! ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು.

ಎರಡನೇದು ವೈ, ಎ, ಸಿ, ಎಚ್, ಟಿ. "ಯಾಚ್ಟು."

ಯಾಟ್ ಅನ್ನಬೇಕಿತ್ತು. ಹೊಟ್ಟೆ ಧಸಕ್ ಅಂತು. ಮಾನಸ ನಕ್ಕಳು. "ತಾತ ತೆಂಗಿನ ತೋಟದವರು, ಮೋಜಿನ ದೋಣಿ ಎಲ್ಲಿ ನೋಡಿರ್ತಾರೆ? ಮರೆತಿದ್ದೋ, ಗೊತ್ತೇ ಇರಲಿಲ್ವೋ, ಹೇಗೆ ಹೇಳೋದು? ಇಂಗ್ಲಿಷ್ ಆಡ್ತಾ ಬೆಳೆದವರಿಗೆ ಮಾಡಿದ್ದು ಅದು."

"ಹಾಗಾದ್ರೆ ಕನ್ನಡದಲ್ಲಿ ಮಾಡು" ಅಂದೆ.

"ಹೇಗೆ? ನಮ್ಮದು ಬರೆದಂಗೆ ಓದೋದಲ್ವಾ." ಸ್ಪ್ಯಾನಿಷ್‌ನವರು ಪದದಲ್ಲಿ ಎಲ್ಲಿ ಒತ್ತಿ ಹೇಳಬೇಕು ಅಂತ ತೋರಿಸೋ ಗುರುತು ತೆಗೆದು ಓದಿಸ್ತಾರಂತೆ. ಜಪಾನಿನವರಿಗೆ ಕಾಂಜಿ ಅಕ್ಷರಗಳೇ ಸಾಕು, ಮೊದಲೇ ಕಲಿತಿರದಿದ್ದರೆ ಬರೀ ನೋಡಿ ಓದೋಕಾಗಲ್ಲ. ನಾವು ದೀರ್ಘ ತೆಗೆದರೆ ಬೇರೇನೇ ಪದ. ಅರ್ಥ ಗೊತ್ತಿಲ್ಲದಿದ್ದರೂ ಮೂರನೇ ಕ್ಲಾಸಿನ ಹುಡುಗ ಓದಿಬಿಡ್ತಾನೆ. ಇಷ್ಟು ದಿನ ಹೆಮ್ಮೆ ಪಟ್ಟಿದ್ದು ಇಲ್ಲಿ ಕೆಲಸಕ್ಕೆ ಬರಲಿಲ್ಲ ನೋಡಿ. ಓದು, ಉದ್ಯೋಗ ನೋಡಿ ಅಂದಾಜು ಮಾಡೋ ದಾರಿಯೂ ಇದೆಯಂತೆ. ಅಪ್ಪನದು ಎಸ್ಸೆಸ್ಸೆಲ್ಸಿ, ಪೋಸ್ಟಾಫೀಸು. ಅಷ್ಟರಿಂದ ಏನು ಗೊತ್ತಾಗುತ್ತೆ? ಯಾರಿಗೂ ಅರ್ಥವಾಗದ ಕೋಳಿ ಕಾಲಿನ ವಿಳಾಸ ಬಂದರೆ ಇಡೀ ಆಫೀಸು ಇವರ ಟೇಬಲ್ಲಿಗೆ ತರ್ತಿತ್ತು. ಮಳೆಗೆ ಅರ್ಧ ಅಳಿಸಿಹೋದ ಕವರಿನಲ್ಲೂ ಊರು ಹಿಡಿದು ಹೇಳ್ತಿದ್ದರು. ಅದಕ್ಕೆಷ್ಟು ಮಾರ್ಕು?

ಅಮ್ಮ ಅಡುಗೆಮನೆಯಿಂದ, "ವಿಳಾಸ ನೆನಪಿರ್ತಿತ್ತು ಕಣೇ, ಸಕ್ಕರೆ ತರೋದು ನೆನಪಿರ್ತಿರಲಿಲ್ಲ" ಅಂದಳು.

ಫೋನ್ ಇಟ್ಟ ಮೇಲೆ ನೋಡಿದರೆ ಅಪ್ಪ ಇನ್ನೂ ಆ ಹಾಳೆ ಹಿಡಿದು ಕೂತಿದ್ದಾರೆ. ಈಗ ಕನ್ನಡಕ ಹಾಕಿಕೊಂಡಿದ್ದಾರೆ. ಹಾಳೆಯನ್ನು ತಿರುಗಿಸಿ, ಮುರುಗಿಸಿ, "ಇದಕ್ಕೆ ಪಿನ್‌ಕೋಡೇ ಹಾಕಿಲ್ಲವಲ್ಲಮ್ಮ" ಅಂದರು.

572201 ಅಂತ ಬರೆದುಕೊಟ್ಟೆ. ತಲೆಯಾಡಿಸಿದರು. ಇದನ್ನ ಡಾಕ್ಟರಿಗೆ ಹೇಳಬೇಕಾ, ಹೇಳಿದರೆ ಯಾವ ಕಡೆ ಬರೆದುಕೊಳ್ತಾರೋ, ಗೊತ್ತಿಲ್ಲ.