ಉಪ್ಪುನೀರಿನ ಜಾಡಿಗಳು: ಕಣ್ಣು ಹೇಳಿದ್ದು, ಮೀಟರ್ ಹೇಳಿದ್ದು

ಬೇಸಿಗೆ ಏರುವ ಮೊದಲೇ ಮಿಡಿಸೌತೆ, ಕ್ಯಾರೆಟ್, ಮೂಲಂಗಿ ಮತ್ತು ಸುಲಿದ ಬೆಳ್ಳುಳ್ಳಿಯನ್ನು ಬೇರೆಬೇರೆ ಗಾಜಿನ ಜಾಡಿಗಳಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದೆ. ಎಣ್ಣೆ, ಖಾರ, ವಿನೆಗರ್ ಯಾವುದನ್ನೂ ಸೇರಿಸಿಲ್ಲ. ತರಕಾರಿಯಲ್ಲಿರುವ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿದಾಗ ಬರುವ ಹುಳಿಯೊಂದೇ ಇಲ್ಲಿ ಕಾವಲು. ಜಾಡಿಗಳ ಈಗಿನ ಸ್ಥಿತಿಯನ್ನೂ, ಅದಕ್ಕಿಂತ ಹೆಚ್ಚಾಗಿ ಅವುಗಳ ನೋಟದಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂಬುದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಯ ಭರಣಿಯನ್ನು ನೋಡಿ, ಮೂಸಿ, ಅದು ಕೆಟ್ಟಿದೆಯೋ ಇಲ್ಲವೋ ಎಂದು ಹಿರಿಯರು ಹೇಳುತ್ತಾರೆ, ಮತ್ತು ಅವರ ಮಾತು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಆ ಅನುಭವದ ಹಿಂದೆ ಮಿಡಿಯದೇ ಹುಳಿ ಮತ್ತು ಧಾರಾಳವಾಗಿ ಸುರಿದ ಕಲ್ಲುಪ್ಪು ಇವೆ. ಕ್ಯಾರೆಟ್, ಬೆಳ್ಳುಳ್ಳಿಗಳಲ್ಲಿ ಅಂಥ ಹುಳಿಯಿಲ್ಲ. ಅವು ಮಣ್ಣಿನೊಳಗೆ ಬೆಳೆಯುವುದರಿಂದ ಮಾರಕ ವಿಷ ಉತ್ಪಾದಿಸುವ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಅಂಟಿಕೊಂಡು ಬರುವ ಸಂಭವವೂ ಇದೆ. ಆದ್ದರಿಂದ ಮಾವಿನ ಭರಣಿಗೆ ಸಲ್ಲುವ ಕಣ್ಣಂದಾಜನ್ನು ಈ ಜಾಡಿಗಳಿಗೆ ಹಾಗೆಯೇ ಅನ್ವಯಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ವಾರದೊಳಗೇ ಎಲ್ಲ ಜಾಡಿಗಳ ನೀರು ಮಸುಕಾಯಿತು, ತಳದಲ್ಲಿ ಬಿಳಿಯ ಗಷ್ಟು ಕೂತಿತು. ಇದು ಕೆಡುಕಿನ ಲಕ್ಷಣವಲ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟು ಹೆಚ್ಚಿರುವುದರ ಗುರುತು. ಗಂಟುಕಟ್ಟದಂತೆ ಪುಡಿ ಉಪ್ಪಿಗೆ ಬೆರೆಸುವ ಪದಾರ್ಥವೂ ಕೊಳವೆಬಾವಿಯ ಗಡಸು ನೀರೂ ಹೀಗೆಯೇ ಮಸುಕು ತರುತ್ತವೆ. ಕರ್ನಾಟಕದಿಂದ ಬಹಳಷ್ಟು ವಿದೇಶಕ್ಕೆ ಹೋಗುವ ಮಿಡಿಸೌತೆಯ ವಿಷಯದಲ್ಲಿ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಹುಳಿ ಏರಿದಂತೆ ಪತ್ರಹರಿತ್ತು ತನ್ನಲ್ಲಿರುವ ಮೆಗ್ನೀಸಿಯಮ್ ಅನ್ನು ಕಳೆದುಕೊಳ್ಳುವುದರಿಂದ ಕಾಯಿ ಮಾಸಲು ಹಸಿರಿಗೆ ತಿರುಗುತ್ತದೆ, ಮತ್ತು ಹಾಗೆ ತಿರುಗುವುದೇ ಸಹಜ. ಹುಳಿಯಲ್ಲಿ ಬಹುಕಾಲ ನೆನೆದ ಮೇಲೂ ಕಾಯಿ ಎಳೆಹಸಿರಾಗಿ ಹೊಳೆಯುತ್ತಿದ್ದರೆ, ತಾಮ್ರದ ಪಾತ್ರೆಯೋ ಬಣ್ಣವೋ ಸೇರಿರಬಹುದೇ ಎಂದು ಆಗ ವಿಚಾರಿಸಬೇಕು. ಹೂವಿದ್ದ ತುದಿಯಲ್ಲಿರುವ ಕಿಣ್ವ ಕಾಯಿಯನ್ನು ಮೆತ್ತಗಾಗಿಸುವುದರಿಂದ ಆ ತುದಿಯನ್ನು ತೆಳುವಾಗಿ ಕತ್ತರಿಸಿಯೇ ಹಾಕಿದ್ದೆ. ಕಾಯಿಗಳು ಈಗಲೂ ಗಟ್ಟಿಯಾಗಿವೆ.

ಬೆಳ್ಳುಳ್ಳಿಯ ಕೆಲವು ಎಸಳುಗಳು ಹಸಿರುನೀಲಿಯಾಗಿವೆ. ಮೊದಲ ಬಾರಿ ನೋಡುವವರು ಜಾಡಿಯನ್ನೇ ಚೆಲ್ಲಿಬಿಡುವಂಥ ಬಣ್ಣ ಅದು. ಎಸಳಿನಲ್ಲಿರುವ ಗಂಧಕದ ಸಂಯುಕ್ತಗಳು ಆಮ್ಲದ ಸಂಪರ್ಕದಲ್ಲಿ ವರ್ತಿಸಿ ಹುಟ್ಟಿಸುವ ಈ ಬಣ್ಣದಿಂದ ಅಪಾಯವಿಲ್ಲ. ಉತ್ತರ ಚೀನಾದಲ್ಲಿ ವಿನೆಗರ್‌ನಲ್ಲಿ ನೆನೆಸಿಡುವ ಲಾಬಾ ಬೆಳ್ಳುಳ್ಳಿಗೆ ಈ ಹಸಿರು ಬರಲೆಂದೇ ಕಾಯುತ್ತಾರೆ.

ಕ್ಯಾರೆಟ್ ಜಾಡಿಯ ಮೇಲ್ಮೈಯಲ್ಲಿ ಚಪ್ಪಟೆಯಾದ, ನೆರಿಗೆ ಬಿದ್ದ, ತೆಳುಬಿಳಿಯ ಪೊರೆ ಕಾಣಿಸಿಕೊಂಡಿದೆ. ಅದು ಒಂದು ಬಗೆಯ ಯೀಸ್ಟ್. ಅದರಿಂದ ನೇರವಾದ ಅಪಾಯವಿಲ್ಲದಿದ್ದರೂ, ಅದು ಆಮ್ಲವನ್ನೇ ಆಹಾರ ಮಾಡಿಕೊಂಡು ನೀರಿನ ಹುಳಿಯನ್ನು ಇಳಿಸುವುದರಿಂದ ಕಂಡಾಗಲೆಲ್ಲ ತೆಗೆಯುತ್ತಿದ್ದೇನೆ. ಮೂಲಂಗಿಯದು ಬೇರೆ ಕಥೆ. ತುಂಡುಗಳು ನೀರಿನ ಮೇಲಕ್ಕೆ ತೇಲಿ ಗಾಳಿಗೆ ಒಡ್ಡಿಕೊಂಡಿದ್ದಲ್ಲಿ ನವಿರುನವಿರಾದ, ನಡುವೆ ಬೂದುಹಸಿರಿನ ಬೂಷ್ಟು ಎದ್ದಿತ್ತು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ಒಳಕ್ಕೂ ಇಳಿದಿರಬಹುದಾದ್ದರಿಂದ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ತಿನ್ನುವುದು ನನಗೆ ಒಪ್ಪಿಗೆಯಿಲ್ಲ. ಇಡೀ ಜಾಡಿಯನ್ನು ಚೆಲ್ಲಿದೆ.

ಇಷ್ಟೆಲ್ಲ ಕಣ್ಣಿಗೆ ಕಾಣುವ ಮಾತಾಯಿತು. ಬೊಟುಲಿನಮ್ ವಿಷಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಉಪಾಹಾರ ಗೃಹದಲ್ಲಿ, ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿ ತುಂಬಿದ್ದ ಹೆಚ್ಚಿದ ಬೆಳ್ಳುಳ್ಳಿಯನ್ನು ತಿಂದು 36 ಮಂದಿ ಈ ವಿಷಕ್ಕೆ ತುತ್ತಾದರು. ಹುಳಿಯಿಲ್ಲದ ತರಕಾರಿಗೆ ಗಾಳಿಯೂ ತಾಗದಂತೆ ಎಣ್ಣೆ ಮುಚ್ಚಿದಾಗ, ತಂಪಿನಲ್ಲಿಡದೇ ಹೋದರೆ, ಆ ಬ್ಯಾಕ್ಟೀರಿಯಾಕ್ಕೆ ಬೇಕಾದ ಪರಿಸರವೇ ಸಿಕ್ಕಂತಾಗುತ್ತದೆ. ಪಿಎಚ್, ಅಂದರೆ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), 4.6ಕ್ಕಿಂತ ಕೆಳಗಿಳಿದರೆ ಅದು ಬೆಳೆಯಲಾರದು. ಹೀಗಾಗಿ ನಾನು ಉಪ್ಪನ್ನು ಚಮಚದ ಅಳತೆಯಲ್ಲಿ ಹಾಕದೆ, ನೀರು ಮತ್ತು ತರಕಾರಿಯ ಒಟ್ಟು ತೂಕಕ್ಕೆ ಶೇ. 3.5ರಂತೆ ತೂಗಿ ಹಾಕಿದ್ದೇನೆ. ಹುಳಿಯನ್ನು ನಾಲಿಗೆಯಿಂದ ಪರೀಕ್ಷಿಸದೆ ಮೀಟರ್‌ನಿಂದ ಅಳೆಯುತ್ತಿದ್ದೇನೆ. 0ಯಿಂದ 14ರವರೆಗೆ ಪಿಎಚ್ ತೋರಿಸುವ ಅಗ್ಗದ ಕಾಗದದ ಪಟ್ಟಿಗಳಲ್ಲಿ 4ಕ್ಕೂ 5ಕ್ಕೂ ನಡುವಿನ ವ್ಯತ್ಯಾಸವನ್ನು ಬಣ್ಣ ನೋಡಿ ನಿರ್ಧರಿಸುವುದು ಕಷ್ಟ. ಇಲ್ಲಿ ಮುಖ್ಯವಾದದ್ದು ಆ ವ್ಯತ್ಯಾಸವೇ. ಮೀಟರನ್ನೂ ಪ್ರತಿ ಸಲ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ) ಸರಿಪಡಿಸಿಕೊಂಡೇ ಬಳಸಬೇಕು.

ಈ ವಾರದ ಅಳತೆಯಲ್ಲಿ ಮಿಡಿಸೌತೆಯ ನೀರು 3.4, ಕ್ಯಾರೆಟ್ 3.6, ಬೆಳ್ಳುಳ್ಳಿ 4.1. ಮೊದಲ ಎರಡನ್ನು ಫ್ರಿಜ್‌ಗೆ ಸಾಗಿಸಿದ್ದೇನೆ. ಬೆಳ್ಳುಳ್ಳಿಯ ಅಂಕಿ ಮಿತಿಯೊಳಗೇ ಇದ್ದರೂ ನನಗೆ ಅಷ್ಟು ಸಾಲದು, ಏಕೆಂದರೆ ಹುಳಿ ಮೊದಲು ನೀರಿಗೆ ಬರುತ್ತದೆ, ಇಡಿಯ ಎಸಳಿನ ತಿರುಳಿಗೆ ನಿಧಾನವಾಗಿ ಇಳಿಯುತ್ತದೆ. ಮುಂದಿನ ವಾರ ದಪ್ಪ ಎಸಳುಗಳನ್ನು ಆರಿಸಿ, ಅರೆದು, ಆ ತಿರುಳಿನ ಪಿಎಚ್ ಅನ್ನೇ ಅಳೆಯುತ್ತೇನೆ. ಅದು 4ರ ಕೆಳಗೆ ಬರುವವರೆಗೆ ಆ ಜಾಡಿಯಿಂದ ಯಾರಿಗೂ ಬಡಿಸುವುದಿಲ್ಲ.