ಅವನಿಗೆ ದೇವರು ಕೊಟ್ಟದ್ದು, ಇವನು ದುಡಿದು ಗಳಿಸಿದ್ದು

ಬೇಸ್‌ಬಾಲ್ ಹೋಲುವ ಸಾಫ್ಟ್‌ಬಾಲ್ ಆಟದಲ್ಲಿ ಇಡೀ ಮೈದಾನಕ್ಕೆ ಮುಖ ಮಾಡಿ ಕೂರುವವಳು, ಬ್ಯಾಟ್ ಹಿಡಿದವಳ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಒಬ್ಬಳೇ. ತಂಡದ ಉಳಿದವರೆಲ್ಲ ಅವಳ ಕಡೆ ನೋಡುತ್ತಿರುತ್ತಾರೆ. ಬ್ಯಾಟ್ ಹಿಡಿದವಳ ಪಾದ ಎಲ್ಲಿದೆ, ಹೋದ ಸಲ ಎಂಥ ಚೆಂಡಿಗೆ ತಡವರಿಸಿದಳು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಚೆಂಡು ಯಾವುದೆಂದು ಚೆಂಡು ಎಸೆಯುವ ಪಿಚರ್‌ಗೆ ಬೆರಳಿನಲ್ಲಿ ಸನ್ನೆ ಮಾಡಬೇಕು. ನೆಲಕ್ಕೆ ಬಿದ್ದು ಪುಟಿಯುವ ಚೆಂಡಿಗೆ ಎದೆ ಕೊಡಬೇಕು. ಎದುರಾಳಿ ಬೇಸ್ ಕದಿಯಲು, ಅಂದರೆ ಚೆಂಡು ಹೊಡೆಯುವ ಮೊದಲೇ ಮುಂದಿನ ಗುರುತಿಗೆ ಸೇರಿಕೊಳ್ಳಲು, ಓಡಿದರೆ ಕೂತಲ್ಲಿಂದ ಎದ್ದು ಎರಡನೇ ಬೇಸಿಗೆ ಎಸೆಯಬೇಕು. ನನ್ನ ಮಗಳ ತಂಡದಲ್ಲಿ ಇಷ್ಟನ್ನೂ ಮಾಡುವವಳು ಅವಳ ಆಪ್ತ ಗೆಳತಿ, ಒಬ್ಬ ಕಪ್ಪು ಹುಡುಗಿ.

ಅಮೆರಿಕದ ಕಾನ್ಸಾಸ್ ಸಿಟಿಯ ಹೊರವಲಯದಲ್ಲಿ ನಮ್ಮ ಮನೆ. ಶನಿವಾರ ಬೆಳಿಗ್ಗೆ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ಅಪ್ಪ ಅಮ್ಮಂದಿರ ಸಾಲಿನಲ್ಲಿ ನಾನೂ ಒಬ್ಬಳು. ಅಲ್ಲಿ ಮಕ್ಕಳಿಗೆ ಸಿಗುವುದು ಬರೀ ಹೊಗಳಿಕೆ. ಆ ಹುಡುಗಿ ಚೆಂಡು ಎಸೆದಾಗ "ಏನು ತೋಳು! ಹುಟ್ಟಿನಿಂದಲೇ ಬಂದದ್ದು" ಎನ್ನುತ್ತಾರೆ. ನನ್ನ ಮಗಳು ಮೈಯೆಲ್ಲ ಬಲ ಹಾಕಿ ಬೇಲಿಯವರೆಗೆ ಹೊಡೆದರೆ "ಎಷ್ಟು ಜಾಣೆ, ಲೆಕ್ಕ ಹಾಕಿ ಹೊಡೆದಳು" ಎನ್ನುತ್ತಾರೆ. ಬಿಳಿ ಹುಡುಗಿಯೊಬ್ಬಳು ಅದೇ ಹೊಡೆತ ಹೊಡೆದರೆ "ನೋಡಿ, ಎಷ್ಟು ಕಷ್ಟಪಡ್ತಾಳೆ, ಫಲ ಸಿಕ್ತು" ಎನ್ನುತ್ತಾರೆ. ಯಾರೂ ಕೆಟ್ಟ ಮಾತು ಆಡಿಲ್ಲ. ಆದರೂ ನನಗೆ ಚುಚ್ಚುತ್ತಿತ್ತು. ಏಕೆಂದು ಸ್ಪಷ್ಟವಾಗಿ ಕಂಡದ್ದು ತಂಡದವರೆಲ್ಲ ಸೇರಿ ಬೇಸ್‌ಬಾಲ್ ಪಂದ್ಯ ನೋಡಲು ಹೋದ ಒಂದು ದಿನ.

ಪಂದ್ಯ ಸಂಜೆಗೆ. ಅದಕ್ಕೆ ಮೊದಲು ಮಕ್ಕಳನ್ನು ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ನಗರದ 18ನೇ ಬೀದಿ ಮತ್ತು ವೈನ್ ಕೂಡುವ ಜಾಗದಲ್ಲಿ ಅದು ಇದೆ. ಕಪ್ಪು ಆಟಗಾರರಿಗೆ ದೊಡ್ಡ ಲೀಗ್‌ಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1920ರ ಫೆಬ್ರುವರಿಯಲ್ಲಿ, ಕಪ್ಪು ಆಟಗಾರ ಮತ್ತು ತಂಡದ ಮಾಲೀಕ ರೂಬ್ ಫಾಸ್ಟರ್ ಇದೇ ಊರಿನ ವೈಎಂಸಿಎ ಕಟ್ಟಡವೊಂದರಲ್ಲಿ ತಂಡದ ಮಾಲೀಕರನ್ನು ಸೇರಿಸಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಮ್ಯೂಸಿಯಂನ ಒಳಗೆ ಪುಟ್ಟದೊಂದು ಮೈದಾನವಿದೆ, ಅದರ ಮೇಲೆ ಆ ಕಾಲದ ಆಟಗಾರರ ಕಂಚಿನ ಪ್ರತಿಮೆಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆ. ಒಳಗೆ ಹೋದವರಿಗೆ ಮೊದಲು ಅದು ಕಾಣುವುದು ಕೋಳಿಗೂಡಿನ ತಂತಿಬಲೆಯ ಮೂಲಕ ಮಾತ್ರ. ಇಡೀ ಚರಿತ್ರೆ ಸುತ್ತಿ ಬಂದ ಮೇಲಷ್ಟೇ ಮೈದಾನಕ್ಕೆ ಕಾಲಿಡಬಹುದು. ಕ್ಯಾಚರ್‌ನ ಜಾಗದಲ್ಲಿ ಜಾಶ್ ಗಿಬ್ಸನ್. ನಮ್ಮ ತಂಡದ ಕ್ಯಾಚರ್ ಹುಡುಗಿ ಆ ಪ್ರತಿಮೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಫೋಟೊ ತೆಗೆಸಿಕೊಂಡಳು. ಗಿಬ್ಸನ್ 1947ರ ಜನವರಿಯಲ್ಲಿ, ಜಾಕಿ ರಾಬಿನ್ಸನ್ ಆ ಬಾಗಿಲು ತೆರೆಸಿದ ಕಪ್ಪು ಆಟಗಾರನಾಗಿ ದೊಡ್ಡ ಲೀಗ್‌ಗೆ ಇಳಿಯಲು ಮೂರೇ ತಿಂಗಳಿದ್ದಾಗ, 35 ವರ್ಷಕ್ಕೇ ತೀರಿಕೊಂಡರು. 2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆ ಹಳೆಯ ಲೀಗ್‌ಗಳ ಅಂಕಿಗಳನ್ನೂ ತನ್ನ ದಾಖಲೆಗೆ ಸೇರಿಸಿದಾಗ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಹಳೆಯ ಕಾಲದ ಬಿಳಿಯ ತಾರೆ ಟೈ ಕಾಬ್‌ನನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದದ್ದು ಅವರ .372.

ಸಂಜೆ, ಊರಿನ ರಾಯಲ್ಸ್ ತಂಡದ ಕಾಫ್‌ಮನ್ ಕ್ರೀಡಾಂಗಣ. ನನ್ನ ಎಡಗಡೆ ತಂಡದ ಇನ್ನೊಬ್ಬ ಹುಡುಗಿಯ ತಂದೆ, ಬಿಳಿಯರು. ಅವರಷ್ಟು ಒಳ್ಳೆಯ ಮನುಷ್ಯ ಅಪರೂಪ. ಮಳೆ ಬಂದರೆ ಎಲ್ಲ ಮಕ್ಕಳನ್ನೂ ತಮ್ಮ ವ್ಯಾನಿನಲ್ಲಿ ಕೂರಿಸಿಕೊಂಡು ಮನೆ ಮನೆಗೆ ಬಿಡುತ್ತಾರೆ. ಬಲಗಡೆ ಕ್ಯಾಚರ್ ಹುಡುಗಿಯ ಅಜ್ಜ. ತೊಡೆಯ ಮೇಲೆ ಸ್ಕೋರ್‌ಬುಕ್, ಕೈಯಲ್ಲಿ ಪೆನ್ಸಿಲ್. ಬೇಸ್‌ಬಾಲ್‌ನಲ್ಲಿ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ ಇದೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವನು 3, ಹೀಗೆ. ನೆಲದ ಮೇಲೆ ಉರುಳಿದ ಚೆಂಡನ್ನು, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ (ಅವನ ಸಂಖ್ಯೆ 6) ಹಿಡಿದು ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ಪುಸ್ತಕದಲ್ಲಿ 6-3 ಎಂದು ಬರೆಯುತ್ತಾರೆ. ಅಷ್ಟೇ. ಹೊಡೆದವನ ಬಣ್ಣಕ್ಕೂ ಗುಣಕ್ಕೂ ಆ ಚೌಕದಲ್ಲಿ ಜಾಗವಿಲ್ಲ.

ಮೂರನೆಯ ಇನಿಂಗ್ಸ್ ಇರಬೇಕು. ಸೆಂಟರ್ ಫೀಲ್ಡರ್ ಒಬ್ಬ, ಕಪ್ಪು ಆಟಗಾರ, ಶಾರ್ಟ್‌ಸ್ಟಾಪ್ ಕೈಗೇ ಚೆಂಡು ಹೊಡೆದ. ಔಟಾಗುವುದು ಖಚಿತವೆಂದು ಗೊತ್ತಾಗಿ ಅರ್ಧ ದಾರಿಯಲ್ಲಿ ಓಟ ನಿಧಾನ ಮಾಡಿದ. ಎಡಗಡೆಯಿಂದ ಮಾತು ಬಂತು: "ನೋಡಿ, ಇದೇ ಇವನ ಸಮಸ್ಯೆ. ದೇವರು ಅಷ್ಟು ಕೊಟ್ಟಿದ್ದಾನೆ, ಸೋಮಾರಿ." ಸ್ವಲ್ಪ ಹೊತ್ತಿನ ಮೇಲೆ ಅದೇ ತಂಡದ ಬಿಳಿಯ ಆಟಗಾರನೊಬ್ಬ ಅದೇ ಜಾಗಕ್ಕೆ ಹೊಡೆದು, ಹಾಗೇ ಅರ್ಧದಲ್ಲಿ ನಿಧಾನಿಸಿದ. ಅದೇ ಬಾಯಿಂದ, ಅಷ್ಟೇ ಸಹಜವಾಗಿ ಬಂದ ಮಾತು: "ಪಾಪ, ಮಂಡಿ ನೋವಿರಬೇಕು. ದಿನಾ ಆಡಿ ಆಡಿ ಸವೆದು ಹೋಗಿದ್ದಾನೆ."

ಅಜ್ಜ ಎರಡು ಸಲವೂ ಬರೆದದ್ದು 6-3.

ನಾನು ಆ ಪುಟ ನೋಡಿದೆ. ಎಡಕ್ಕೆ ತಿರುಗಿ, "ಮೊದಲಿನವನಿಗೂ ಮಂಡಿ ನೋವಿರಬಹುದಲ್ಲ?" ಎಂದು ಕೇಳಿದೆ. ಅವರಿಗೆ ಕೋಪ ಬರಲಿಲ್ಲ. ನಿಜವಾಗಿ ಯೋಚಿಸಿ, "ಇಲ್ಲ, ಇವನನ್ನು ಬಹಳ ದಿನದಿಂದ ನೋಡ್ತಿದ್ದೀನಿ. ಅವನು ಇರೋದೇ ಹಾಗೆ" ಎಂದರು. ತಾವು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆಂದು ಅವರು ಮನಸಾರೆ ನಂಬಿದ್ದರು. ಇಬ್ಬರ ಮಂಡಿಯೂ ನಮಗೆ ಕಂಡಿರಲಿಲ್ಲ. ಕಾಣದ ಜಾಗವನ್ನು ತುಂಬಿದ್ದು ಏನು? ನನಗೆ ಅದೇ ಪ್ರಶ್ನೆ.

ವಿರಾಮದಲ್ಲಿ ಮಕ್ಕಳು ಐಸ್‌ಕ್ರೀಂ ತರಲು ಎದ್ದು ಹೋದಾಗ ಅಜ್ಜ ನನ್ನೊಡನೆ ಮೆಲ್ಲಗೆ ಮಾತಾಡಿದರು. "ಬೈದವನನ್ನು ಸೆಕ್ಯೂರಿಟಿಯವರು ಬಂದು ಹೊರಗೆ ಕರೆದೊಯ್ಯುತ್ತಾರೆ. ಹೀಗೆ ಮಾತಾಡುವವರ ಪಕ್ಕ ನಾನು ಚಿಕ್ಕಂದಿನಿಂದ ಕೂತಿದ್ದೇನೆ."

ಅವರ ಮಾತಿನ ಮೊದಲ ಅರ್ಧಕ್ಕೆ ಸಾಕ್ಷಿ ಬೇಕಿದ್ದರೆ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಇದೆ. 2017ರ ಮೇ 1ರಂದು ಅಲ್ಲಿ ಆಡಿದ ಬಾಲ್ಟಿಮೋರ್ ತಂಡದ ಕಪ್ಪು ಆಟಗಾರ ಆ್ಯಡಂ ಜೋನ್ಸ್, ತನ್ನನ್ನು ಜನಾಂಗದ ಹೆಸರು ಹಿಡಿದು ನಿಂದಿಸಿದರು, ಕಡಲೆಕಾಯಿ ಪೊಟ್ಟಣ ಎಸೆದರು ಎಂದು ಬಹಿರಂಗವಾಗಿ ಹೇಳಿದರು. ಬಾಸ್ಟನ್ ತಂಡ ಕ್ಷಮೆ ಕೇಳಿತು. ಮರುದಿನ ಅವರು ಬ್ಯಾಟ್ ಹಿಡಿದು ಬಂದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಒಳ್ಳೆಯದೇ. ಬೈಗುಳ ಎಲ್ಲರ ಕಿವಿಗೂ ಬೀಳುತ್ತದೆ, ಆದ್ದರಿಂದ ಎಲ್ಲರೂ ಎದ್ದು ನಿಲ್ಲಬಹುದು. "ದೇವರು ಕೊಟ್ಟಿದ್ದಾನೆ, ಸೋಮಾರಿ" ಎಂಬ ಮಾತಿಗೆ ಯಾರು ಎದ್ದು ನಿಲ್ಲುತ್ತಾರೆ?

ಆ ಮಾತು ಕಪ್ಪು ಆಟಗಾರನಿಂದ ಎರಡು ಸಲ ಕಿತ್ತುಕೊಳ್ಳುತ್ತದೆ. ಗೆದ್ದರೆ ಅದು ಮೈಯ ಗೆಲುವು, ಅವನ ಶ್ರಮದ್ದಲ್ಲ. ಸೋತರೆ ಮಾತ್ರ ತಪ್ಪು ಅವನ ನಡತೆಯದು. ತಲೆ ಓಡಿಸುವ ಕೆಲಸದ ಹತ್ತಿರ ಬಂದರಂತೂ ಬಾಗಿಲೇ ಇಲ್ಲ. 1987ರ ಏಪ್ರಿಲ್‌ನಲ್ಲಿ, ಜಾಕಿ ರಾಬಿನ್ಸನ್ ಬಂದು 40 ವರ್ಷವಾದ ನೆನಪಿಗೆ ನಡೆದ ಟಿವಿ ಸಂದರ್ಶನದಲ್ಲೇ, ರಾಬಿನ್ಸನ್ ಆಡಿದ್ದ ಡಾಡ್ಜರ್ಸ್ ತಂಡದ ಹಿರಿಯ ಅಧಿಕಾರಿ ಆಲ್ ಕ್ಯಾಂಪಾನಿಸ್, ತಂಡ ನಡೆಸಲು ಬೇಕಾದ ಕೆಲವು ಗುಣಗಳು ಕಪ್ಪು ಜನರಲ್ಲಿ ಇಲ್ಲದಿರಬಹುದು ಎಂಬರ್ಥದ ಮಾತಾಡಿ ಎರಡೇ ದಿನದಲ್ಲಿ ಕೆಲಸ ಕಳೆದುಕೊಂಡರು. ಆತ ರಾಬಿನ್ಸನ್ ಜೊತೆ ಒಂದೇ ತಂಡದಲ್ಲಿ ಆಡಿದ್ದವರು, ಅವರ ಗೆಳೆಯರು. ಹತ್ತಿರವಿದ್ದು ನೋಡಿದ ಮಾತ್ರಕ್ಕೆ ಈ ಕಣ್ಣು ಸರಿಹೋಗುವುದಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ನಾನು ಕೆಲಸ ಮಾಡುವುದು ಅಂಕಿಅಂಶಗಳ ಜೊತೆ, ಹಾಗಾಗಿ ಮನೆಗೆ ಬಂದ ಮೇಲೆ ಹುಡುಕಿ ಓದಿದೆ. ಅಭಿಮಾನಿಗಳ ಮನಸ್ಸನ್ನು ಅಳೆಯುವುದು ಕಷ್ಟ, ಅವರ ಜೇಬನ್ನು ಅಳೆಯಬಹುದು. ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಇಲ್ಲಿನ ಜನ ಆಸೆಯಿಂದ ಕೊಳ್ಳುತ್ತಾರೆ. ನಾರ್ಡಿನೆಲ್ಲಿ ಮತ್ತು ಸೈಮನ್ ಎಂಬ ಅರ್ಥಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧನೆ ಸಮಾನವಾಗಿದ್ದರೂ ಬಿಳಿಯರಲ್ಲದ ಬ್ಯಾಟರ್‌ಗಳ ಕಾರ್ಡಿಗೆ ಸುಮಾರು ಶೇ 10ರಷ್ಟು, ಪಿಚರ್‌ಗಳ ಕಾರ್ಡಿಗೆ ಸುಮಾರು ಶೇ 13ರಷ್ಟು ಕಡಿಮೆ ಬೆಲೆ. ಕಾರ್ಡಿನಲ್ಲಿ ಮಂಡಿಯೂ ಇಲ್ಲ, ಸೋಮಾರಿತನವೂ ಇಲ್ಲ. ಮುಖ ಇದೆ, ಹಿಂದೆ ಅಂಕಿಗಳಿವೆ. ಇನ್ನೊಂದು ಅಧ್ಯಯನ 2011ರದು, ಅಂಪೈರ್‌ಗಳ ಬಗ್ಗೆ. 2004ರಿಂದ 2008ರವರೆಗಿನ 35 ಲಕ್ಷಕ್ಕೂ ಹೆಚ್ಚು ಚೆಂಡುಗಳನ್ನು ಪರಿಶೀಲಿಸಿದವರ ಲೆಕ್ಕದಲ್ಲಿ, ಅಂಪೈರ್ ಮತ್ತು ಪಿಚರ್ ಒಂದೇ ಜನಾಂಗದವರಾದರೆ ಸ್ಟ್ರೈಕ್, ಅಂದರೆ ಪಿಚರ್‌ಗೆ ಅನುಕೂಲವಾದ ತೀರ್ಪು, ಸಿಗುವುದು ತುಸು ಹೆಚ್ಚು. ಆದರೆ ತೀರ್ಪನ್ನು ಕ್ಯಾಮೆರಾ ಪರೀಕ್ಷಿಸುತ್ತಿದ್ದ ಕ್ರೀಡಾಂಗಣಗಳಲ್ಲಾಗಲಿ, ಹೆಚ್ಚು ಜನ ಸೇರಿದಾಗಲಾಗಲಿ, ನಿರ್ಣಾಯಕ ಚೆಂಡಿನಲ್ಲಾಗಲಿ ಆ ವ್ಯತ್ಯಾಸ ಕಾಣಲಿಲ್ಲ. ಯಾರೋ ನೋಡುತ್ತಿದ್ದಾರೆ ಎಂದಾಗ ಅಂಪೈರ್‌ನ ಕಣ್ಣು ನೇರವಾಗುತ್ತದೆ. ಪ್ರೇಕ್ಷಕನನ್ನು ನೋಡುವ ಕ್ಯಾಮೆರಾ ಎಲ್ಲೂ ಇಲ್ಲ.

ಅಮೆರಿಕದವರ ಮೇಲಷ್ಟೇ ಬೆರಳು ತೋರಿಸುವ ಹಕ್ಕು ನಮಗಿಲ್ಲ. 2007ರ ಅಕ್ಟೋಬರ್‌ನಲ್ಲಿ ವಡೋದರಾದಲ್ಲಿ, ಆಮೇಲೆ ಮುಂಬೈಯಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಆ್ಯಂಡ್ರ್ಯೂ ಸೈಮಂಡ್ಸ್‌ಗೆ ಕೋತಿಯ ಸದ್ದು ಮಾಡಿದ್ದು ನಮ್ಮ ಪ್ರೇಕ್ಷಕರು. ಅದು ಬೈಗುಳ. ಹೊಗಳಿಕೆಯ ಕಥೆಯೂ ನಮ್ಮಲ್ಲಿ ಬೇರೆಯಲ್ಲ. ವೆಸ್ಟ್ ಇಂಡೀಸ್ ವೇಗಿಗಳೆಂದರೆ ನಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಚರ್ಚೆಯೆಲ್ಲ ಆಳೆತ್ತರ, ಕಟ್ಟುಮಸ್ತು, ರಾಕ್ಷಸ ಬಲ. ಮಾಲ್ಕಂ ಮಾರ್ಷಲ್ ಅಂಥ ಎತ್ತರದ ಆಳೇ ಅಲ್ಲ. 1983-84ರಲ್ಲಿ ಭಾರತಕ್ಕೆ ಬಂದು ಆರು ಟೆಸ್ಟ್‌ಗಳಲ್ಲಿ 33 ವಿಕೆಟ್ ಕಿತ್ತದ್ದು ಬ್ಯಾಟ್ಸ್‌ಮನ್‌ನ ದೌರ್ಬಲ್ಯ ಓದಿ ಓದಿ. ಆ ಓದಿನ ಬಗ್ಗೆ ಜಗಲಿಯಲ್ಲಿ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ.

ಪಂದ್ಯದ ಮಿಕ್ಕ ಹೊತ್ತು ಅಜ್ಜ ಮಕ್ಕಳಿಗೆ ತಮ್ಮ ಊರಿನ ಕಥೆಗಳನ್ನು ಹೇಳಿದರು. 1965ರ ಸೆಪ್ಟೆಂಬರ್‌ನಲ್ಲಿ ನೀಗ್ರೋ ಲೀಗ್‌ಗಳ ಹೆಸರಾಂತ ಪಿಚರ್, 59 ವರ್ಷದ ಸ್ಯಾಚೆಲ್ ಪೇಜ್ ಇದೇ ನಗರದ ಹಳೆಯ ಮುನಿಸಿಪಲ್ ಸ್ಟೇಡಿಯಂನಲ್ಲಿ ಚೆಂಡು ಹಾಕಿದ್ದರು. ಮಾಲೀಕರು ತಮಾಷೆಗೆಂದು ಅವರಿಗೊಂದು ತೂಗುಕುರ್ಚಿ ಇರಿಸಿ, ಪಕ್ಕದಲ್ಲಿ ನರ್ಸ್ ಒಬ್ಬಳನ್ನು ನಿಲ್ಲಿಸಿದ್ದರು. ಪೇಜ್ ಕುರ್ಚಿಯಿಂದೆದ್ದು ಬಂದು ಮೂರು ಇನಿಂಗ್ಸ್ ಆಡಿ, ಒಂದೇ ಒಂದು ಹಿಟ್ ಕೊಟ್ಟು, ರನ್ ಕೊಡದೆ ಹೋದರು. ಆಮೇಲೆ ಫ್ರ್ಯಾಂಕ್ ವೈಟ್ ಕಥೆ. ಅಜ್ಜನಿಗೆ ಅಚ್ಚುಮೆಚ್ಚಿನದು ಇದೇ ಎಂದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಫ್ರ್ಯಾಂಕ್ ವೈಟ್ ಇಲ್ಲೇ ಬೆಳೆದ ಕಪ್ಪು ಹುಡುಗ. ಓದಿದ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ತಂಡವೇ ಇರಲಿಲ್ಲ. ರಾಯಲ್ಸ್ ತಂಡದವರು ಫ್ಲಾರಿಡಾದಲ್ಲಿ ನಡೆಸಿದ ಅಕಾಡೆಮಿಗೆ ಆಯ್ಕೆಯಾಗಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಟ ಕಲಿತವರು. ನಾವು ಕೂತಿದ್ದ ಈ ಕ್ರೀಡಾಂಗಣ ಕಟ್ಟುವಾಗ ಅವರು ಇಲ್ಲಿ ಕಟ್ಟಡ ಕೆಲಸದವರಾಗಿ ದುಡಿದಿದ್ದರು. 1973ರಲ್ಲಿ ಇದು ತೆರೆದ ವರ್ಷವೇ ರಾಯಲ್ಸ್ ಪರ ಆಡಲು ಬಂದರು, ಎರಡನೇ ಬೇಸಿನ ಕಾವಲಿಗೆ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಎಂಟು ಸಲ ಗೆದ್ದರು. ಅವರ ಪ್ರತಿಮೆ ಇಲ್ಲೇ ಇದೆ.

ಕಥೆ ಮುಗಿದಾಗ ಎಡಗಡೆಯವರೂ ಬಾಗಿ ಕೇಳಿಸಿಕೊಳ್ಳುತ್ತಿದ್ದರು. ಅವರು ಹೇಳಿದ್ದು, "ಫ್ರ್ಯಾಂಕ್ ವೈಟ್! ಎಂಥ ಕೈಗಳು ಅವನವು, ಹುಟ್ಟಿನಿಂದಲೇ." ಅಜ್ಜ ನನ್ನ ಕಡೆ ಒಮ್ಮೆ ನೋಡಿ, ಪೆನ್ಸಿಲ್ ಎತ್ತಿಕೊಂಡು ಮುಂದಿನ ಬ್ಯಾಟರ್‌ನ ಹೆಸರು ಬರೆದರು.

ಸೀಸನ್ ಮುಗಿದಾಗ ನಮ್ಮ ತಂಡದಲ್ಲಿ ಪ್ರತಿ ಹುಡುಗಿಗೂ ಒಂದು ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಹಿಂದಿನ ವರ್ಷ ಕ್ಯಾಚರ್ ಹುಡುಗಿಗೆ ಬಂದದ್ದು "ಅತ್ಯುತ್ತಮ ಅಥ್ಲೀಟ್", ನನ್ನ ಮಗಳಿಗೆ "ತಂಡದ ಜಾಣೆ". "ಅತಿ ಹೆಚ್ಚು ಶ್ರಮಪಟ್ಟವಳು" ಎಂಬುದು ಒಬ್ಬ ಬಿಳಿ ಹುಡುಗಿಗೆ. ಈ ಸಲ ಬರೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಅಜ್ಜನ ಮನೆಗೆ ಹೋಗಿ ಸೀಸನ್ನಿನ ಸ್ಕೋರ್‌ಬುಕ್ ಪಡೆದು ಒಬ್ಬೊಬ್ಬಳು ಏನೇನು ಮಾಡಿದ್ದಾಳೆಂದು ಪಟ್ಟಿ ಮಾಡಿದೆ. ನನ್ನ ಮಗಳ ಹಾಳೆಯಲ್ಲಿ ಬೇಲಿ ಮುಟ್ಟಿದ ಹೊಡೆತಗಳು ಬಂದವು, ಜಾಣತನದ ಮಾತು ಬರಲಿಲ್ಲ. ಅವಳಿಗೆ ಆದ ಖುಷಿಯನ್ನು ನಾನು ನಿರೀಕ್ಷಿಸಿರಲಿಲ್ಲ.

ಕ್ಯಾಚರ್ ಹುಡುಗಿಯನ್ನೇ ಕರೆದು, ನಿನ್ನ ಹಾಳೆಯಲ್ಲಿ ಏನಿರಬೇಕು ಎಂದು ಕೇಳಿದೆ. ಬೇಸ್ ಕದಿಯುವವರನ್ನು ಔಟ್ ಮಾಡಿದ್ದು ಹೇಳುತ್ತಾಳೆ ಎಂದುಕೊಂಡಿದ್ದೆ. ಅಜ್ಜ ಪಕ್ಕದಿಂದ, ಗ್ಯಾರೇಜಿನ ಗೋಡೆಗೆ ಚೆಂಡು ಎಸೆದು ಎಸೆದು ಅವಳು ಮಾಡುವ ಅಭ್ಯಾಸವನ್ನು ಬರೆಯಿರಿ ಎಂದರು. ಅವಳು ತಲೆಯಾಡಿಸಿ, "ಅದು ಆಮೇಲೆ ಬರಲಿ ಆಂಟಿ. ಪಿಚ್ ಯಾವುದು ಅಂತ ಹೇಳಿದ್ದು ನಾನು. ಎಲ್ಲರೂ ಬೆಂಚಿನಿಂದ ಕೋಚ್ ಹೇಳ್ತಾರೆ ಅಂದ್ಕೊಂಡಿದ್ದಾರೆ" ಎಂದಳು.

ಕೋಚ್‌ಗೆ ಫೋನ್ ಮಾಡಿದೆ. ನಿಜ, ಸೀಸನ್ನಿನ ಎರಡನೇ ವಾರದಿಂದಲೇ ಆ ಜವಾಬ್ದಾರಿಯನ್ನು ಪೂರ್ತಿ ಅವಳಿಗೆ ಬಿಟ್ಟಿದ್ದೆ ಎಂದರು. ಪ್ರಮಾಣಪತ್ರದ ಮೊದಲ ಸಾಲಿನಲ್ಲಿ ಅದನ್ನೇ ಬರೆದು, ಬಹುಮಾನದ ದಿನ ಎಲ್ಲ ಅಪ್ಪ ಅಮ್ಮಂದಿರ ಮುಂದೆ ಜೋರಾಗಿ ಓದಿದೆ.