ಕೈಯಲ್ಲಿ ಬಲ ಕಮ್ಮಿಯಿದ್ದವರಿಗೆ ಮೊದಲ ಪಿಸ್ತೂಲು

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರ ಕಣ್ಣಿಗೆ ಪಿಸ್ತೂಲು ಆಟದ ಸಾಮಾನು. ಮೂರು ಕೆ.ಜಿ. ಆಸುಪಾಸಿನ ಜೋಡುನಳಿಗೆ ಕೋವಿಯ ಮುಂದೆ ಅದೇನು ಮಹಾ? ಆದರೆ ಕೋವಿಯ ಒದೆತವನ್ನು ಭುಜ ತಾಳಿಕೊಳ್ಳುತ್ತದೆ. ಪಿಸ್ತೂಲಿನಲ್ಲಿ ಭುಜವಿಲ್ಲ, ಎಲ್ಲ ಭಾರವೂ ಮಣಿಕಟ್ಟು, ಬೆರಳುಗಳ ಮೇಲೆ. ಸಂಧಿವಾತದವರಿಗೆ, ಬೆರಳಲ್ಲಿ ಹಿಡಿತ ಸಡಿಲಾದವರಿಗೆ ‘ಚಿಕ್ಕದು ತಗೊಳ್ಳಿ, ಹಗುರ ಇರುತ್ತೆ’ ಅನ್ನುವುದು ಅಂಗಡಿಯಲ್ಲಿ ಸಿಗುವ ಅತಿ ಕೆಟ್ಟ ಸಲಹೆ.

ಮೊದಲ ತೊಡಕು ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ. ಮೊದಲ ತೋಟೆ ನಳಿಗೆಗೆ ಏರಬೇಕಾದರೆ ಅದನ್ನು ಹಿಂದಕ್ಕೆಳೆಯಬೇಕು. ಸಣ್ಣ .32 (ಬೋರ್, ಅಂದರೆ ನಳಿಗೆಯ ಒಳ ಅಳತೆ, ಸುಮಾರಾಗಿ ಇಂಚಿನಲ್ಲಿ) ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್ ಮಾದರಿಯವು: ನಳಿಗೆಗೂ ಸ್ಲೈಡಿಗೂ ನಡುವೆ ಕೊಂಡಿಯಿಲ್ಲ, ತೋಟೆ ಸಿಡಿದಾಗ ಸ್ಲೈಡನ್ನು ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹಾಗಾಗಿ ತೋಟೆ ಸಣ್ಣದಾದರೂ ಸ್ಪ್ರಿಂಗ್ ಗಡುಸು. ಎಳೆಯುವ ಕ್ರಮ ಹೀಗೆ. ಬೆರಳು ಟ್ರಿಗರಿನಿಂದ ಹೊರಗಿರಲಿ. ಹ್ಯಾಮರ್ (ತೋಟೆ ಸಿಡಿಸಲು ಬಡಿಯುವ ಭಾಗ) ಹೊರಗೆ ಕಾಣುವಂತಿದ್ದರೆ ಮೊದಲು ಅದನ್ನು ಹಿಂದಕ್ಕೆಳೆಯಿರಿ, ಒಂದಿಷ್ಟು ಬಿಗಿ ಅಲ್ಲೇ ಇಳಿಯುತ್ತದೆ. ಮೊಣಕೈ ಮೈಗೆ ಒತ್ತಿಕೊಂಡು, ಎಡ ಅಂಗೈಯಿಂದ ಸ್ಲೈಡಿನ ಹಿಂಭಾಗವನ್ನು ಮೇಲಿಂದ ಪೂರ್ತಿ ಹಿಡಿಯಿರಿ. ಎರಡು ಬೆರಳಲ್ಲಿ ಚಿವುಟಿ ಎಳೆಯಬೇಡಿ. ಆಮೇಲೆ ಸ್ಲೈಡನ್ನು ಎಳೆಯುವ ಬದಲು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ. ಕೊನೆಗೆ ಸ್ಲೈಡನ್ನು ಒಮ್ಮೆಗೇ ಬಿಟ್ಟುಬಿಡಬೇಕು. ಕೈಯಲ್ಲೇ ಮೆಲ್ಲಗೆ ಮುಂದಕ್ಕೆ ತಂದರೆ ತೋಟೆ ಪೂರ್ತಿ ಕೂರುವುದಿಲ್ಲ. ಹೀಗೆ ಎಳೆಯುವಾಗ ನಳಿಗೆ ಎಡಕ್ಕೆ, ಪಕ್ಕದವರ ಹೊಟ್ಟೆಯ ಕಡೆ ತಿರುಗುವುದು ಹೊಸಬರ ಮಾಮೂಲಿ ತಪ್ಪು. ಮೈಯನ್ನು ತಿರುಗಿಸಿ, ನಳಿಗೆ ಗುರಿಯ ಕಡೆಗೇ ಇರಲಿ.

ಇಷ್ಟಾದರೂ ಹೊಡೆಯುವಾಗ ಮಣಿಕಟ್ಟು ಸಡಿಲವಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ತೋಟೆ ಅದರ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಬೈಗುಳ ತಿನ್ನುವುದು ಪಿಸ್ತೂಲು, ತಪ್ಪು ಹಿಡಿತದ್ದು.

ರಿವಾಲ್ವರಿನಲ್ಲಿ ಈ ರಗಳೆಯಿಲ್ಲ. ಕಾನ್ಪುರದ .32 ರಿವಾಲ್ವರಿನ ಚಿಲಕವನ್ನು ಹೆಬ್ಬೆರಳಲ್ಲಿ ಒತ್ತಿ ಮಡಚಿದರೆ ಆರೂ ತೋಟೆ ಒಟ್ಟಿಗೆ ಮೇಲೆದ್ದು ಬರುತ್ತವೆ. ಅದರ ಕಷ್ಟ ಟ್ರಿಗರಿನಲ್ಲಿದೆ. ಡಬಲ್ ಆಕ್ಷನ್ (ಟ್ರಿಗರ್ ಒತ್ತಿದಾಗಲೇ ಹ್ಯಾಮರ್ ಎದ್ದು ಬೀಳುವ) ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಐದು ಕೆ.ಜಿ. ಆಸುಪಾಸಿನ ಒತ್ತಡ ಬೇಕು, ಆಯುಧದ ತೂಕವೇ ಒಂದು ಕೆ.ಜಿ. ಇರುವುದಿಲ್ಲ. ಒತ್ತುವಷ್ಟರಲ್ಲಿ ನಳಿಗೆ ಕೆಳಗಿಳಿದಿರುತ್ತದೆ. ಕೊಳ್ಳುವ ಮುಂಚೆ ಡಮ್ಮಿ ತೋಟೆ ಹಾಕಿ ಹತ್ತು ಸಲ ಒತ್ತಿ ನೋಡಿ. ಏಳು, ಎಂಟನೆಯ ಸಲಕ್ಕೆ ಎರಡನೇ ಬೆರಳಿನ ಸಹಾಯ ಬೇಕೆನಿಸಿದರೆ ಅದು ನಿಮ್ಮದಲ್ಲ. ಎಡ ಹೆಬ್ಬೆರಳಿನಿಂದ ಹ್ಯಾಮರ್ ಎಳೆದಿಟ್ಟು ಹೊಡೆದರೆ ಒತ್ತಡ ಅರ್ಧಕ್ಕೂ ಕಮ್ಮಿ. ಆದರೆ ಎಳೆದ ಹ್ಯಾಮರನ್ನು ಇಳಿಸುವಾಗ ಬಲವಿಲ್ಲದ ಹೆಬ್ಬೆರಳು ಜಾರುತ್ತದೆ, ಗುಂಡು ಹಾರುತ್ತದೆ. ರೇಂಜಿನಲ್ಲಾದರೆ ಇಳಿಸುವ ಬದಲು ಗುರಿಯ ಹಿಂದಿನ ಮಣ್ಣಿನ ದಿಬ್ಬಕ್ಕೇ ಹೊಡೆದುಬಿಡಿ.

2014ರಲ್ಲಿ ಮಹಿಳೆಯರಿಗೆಂದು ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು ಅರ್ಧ ಕೆ.ಜಿ. ತೂಗುತ್ತದೆ. ಹೊರಲು ಚೆನ್ನ, ಕಲಿಯಲು ಅಲ್ಲ. ತೂಕ ಇಳಿದಷ್ಟೂ ಅದೇ ತೋಟೆಯ ಒದೆತ ಕೈಗೆ ಜಾಸ್ತಿ. ಯೂಟ್ಯೂಬಿನಲ್ಲಿ ಹೊಗಳುವ 9 ಎಂಎಂ ಇಲ್ಲಿ ನಿಷೇಧಿತ ಬೋರ್, ಅದನ್ನು ಮರೆತುಬಿಡಿ.

ಹಾಗಾದರೆ ಮೊದಲು ಯಾವುದು? 4.5 ಎಂಎಂ ಏರ್ ಪಿಸ್ತೂಲು. ಹತ್ತು ಮೀಟರ್ ಸ್ಪರ್ಧೆಯ ನಿಯಮದಂತೆ ಟ್ರಿಗರ್ ಒತ್ತಡ ಕನಿಷ್ಠ 500 ಗ್ರಾಂ, ಅಂದರೆ ರಿವಾಲ್ವರಿನ ಹತ್ತರಲ್ಲೊಂದು. ಒದೆತ ಇಲ್ಲವೆನ್ನುವಷ್ಟು. 20 ಜೂಲ್ ಒಳಗಿದ್ದರೆ ಲೈಸೆನ್ಸೂ ಬೇಡ. ತೋಳು ಸೋತರೆ ಮೊದಮೊದಲು ಮಣಿಕಟ್ಟಿನ ಕೆಳಗೆ ಮರಳಿನ ಚೀಲ ಇಟ್ಟುಕೊಳ್ಳಿ. ಆಮೇಲೆ .22, ಕೊನೆಗೆ ಉಕ್ಕಿನ, ತೂಕದ .32 ರಿವಾಲ್ವರ್. .22ರಲ್ಲಿ ಒಂದು ಎಚ್ಚರಿಕೆ: ಖಾಲಿ ಒತ್ತಿದರೆ ಪಿನ್ನು ತೋಟೆಮನೆಯ ಅಂಚಿಗೆ ಬಡಿದು ಹಾಳಾಗಬಹುದು.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗಿದೆ. ಅದು ನಿಮ್ಮ ಕೈಗೆ ಬರುವ ಆಯುಧಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ದುಡ್ಡು ಕಟ್ಟುವ ಮುಂಚೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಪಡೆಯಿರಿ.

ಇನ್ನು ನಮ್ಮ ಮಳೆಗಾಲ. ಚರ್ಮದ ಚೀಲದಲ್ಲೇ ಪಿಸ್ತೂಲು ಇಟ್ಟರೆ ಅದು ತೇವ ಹಿಡಿದು ತುಕ್ಕು ತರುತ್ತದೆ. ಹಳೆಯ ಎಣ್ಣೆ ಅಂಟಾಗಿ, ಮೊದಲೇ ಬಿಗಿಯಿದ್ದ ಸ್ಲೈಡು ಇನ್ನೂ ಬಿಗಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೋಟೆ ತೆಗೆದು, ಒರೆಸಿ, ತೆಳು ಎಣ್ಣೆ ಸವರಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೋಟೆ ಬೇರೆ ಕಡೆ.